ಹೆರಿಗೆ ಕೋಣೆಯ ಬೀಗ ಮತ್ತು ತಮ್ಮ ವಿದೇಶಿ ಅತಿಥಿಗಳು

ಪ್ರವಾಸಿಗರ ಏರಿಕೆ ಕಂಡು ಹಿಗ್ಗುತ್ತಿರುವ ಪ್ರವಾಸೋದ್ಯಮದ ಸಾಹೇಬರೇ,

ರಾತ್ರಿ ಎಂಟೂವರೆಗೆ, ಮಗಳ ಪಕ್ಕ ಆಗಷ್ಟೇ ಕಣ್ಣು ಮುಚ್ಚಿದ್ದ ನನ್ನನ್ನು ಎಬ್ಬಿಸಿದ್ದು ಬೀಗ ಜಗ್ಗುವ ಸದ್ದು. ಎದುರಿನ ಆಸ್ಪತ್ರೆಯ ಹೆರಿಗೆ ಕೋಣೆಯ ಬೀಗ ಅದು. ಹಾಕಿಸಿದವರು ತಾವು, ಜಗ್ಗುತ್ತಿದ್ದವನು ನನ್ನ ಮೈದುನ. ಅವನ ಹೆಂಡತಿ ರೇವಮ್ಮ ಆಸ್ಪತ್ರೆಯ ಜಗಲಿಯ ಮೇಲೆ ಹೆರಿಗೆ ನೋವು ತಿನ್ನುತ್ತಿದ್ದಾಳೆ.

ಕುಣಿಗಲ್ ದಾಟಿ ಬೇಲೂರಿಗೆ ಹೋಗುವ ಈ ರಸ್ತೆಯಲ್ಲಿ ನೀರು ಬರುವ ಕಕ್ಕಸು ಇರುವುದು ಆ ಕೋಣೆಯಲ್ಲಿ ಮಾತ್ರ ಎಂದು ತಾವು ಕಂಡುಹಿಡಿದಿರಿ. ಅಂದಿನಿಂದ ಅದು ವಿದೇಶಿಯರ ವಿಶ್ರಾಂತಿಗೃಹ. ಬಸ್ಸು ನಿಲ್ಲುತ್ತದೆ, ದೊರೆಗಳು ಇಳಿಯುತ್ತಾರೆ, ಉಚ್ಚೆ ಹೊಯ್ದು ಹತ್ತುತ್ತಾರೆ. ಹೋಗುವಾಗ ಒಮ್ಮೆ, ಹಿಂದಿರುಗುವಾಗ ಇನ್ನೊಮ್ಮೆ ಅವರನ್ನೇ ಎಣಿಸಿ, ಎಂಬತ್ತನೇ ಇಸವಿಯಲ್ಲಿ ಇದ್ದುದಕ್ಕಿಂತ ಎಂಬತ್ತೆರಡರಲ್ಲಿ ವಿದೇಶಿ ಪ್ರವಾಸಿಗರು ಎರಡು ಪಟ್ಟಾದರೆಂದು ತುಮಕೂರಿನಲ್ಲಿ ಭಾಷಣ ಬಿಗಿದಿರಿ. ಮೂತ್ರಕೋಶಗಳ ಪ್ರಗತಿಗೆ ಹಾರ ಹಾಕಿಸಿಕೊಂಡ ಅಧಿಕಾರಿ ದೇಶದಲ್ಲಿ ಇನ್ನೊಬ್ಬರಿದ್ದಾರೆಯೇ?

ಅವರು ಇಲ್ಲಿ ಸುರಿದರೆಂದು ತಾವು ಹೇಳಿದ ಹಣವೆಲ್ಲಿ? "ಎಳನೀರ್ ಕೆತ್ತಿ ಇಟ್ಟಿದ್ದೇ ಬಂತು ಕಣವ್ವ, ಫ್ಲಾಸ್ಕ್ ತೋರ್ಸಿ ನಗ್ತಾರೆ" ಎನ್ನುತ್ತಾನೆ ಎಳನೀರು ಮಾರುವ ಚಿಕ್ಕಮಾರಯ್ಯ.

ಕಳೆದ ಮಾಘದಲ್ಲಿ ನಾನೂ ಅದೇ ಜಗಲಿಯಲ್ಲಿ ಹೆತ್ತೆ. ಕೋಣೆಯಿಂದ ಹೊರಬಂದ ಬಿಳಿ ಹೆಂಗಸೊಬ್ಬಳು ನನ್ನನ್ನು ಕಂಡು ಬೆಚ್ಚಿ, ಬಾಗಿಲು ತೆಗೆದೇ ಇರಲಿ ಎಂದಳು. ಅಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬಳಿಗೇ. ಹಲ್ಲು ಕಚ್ಚಿಕೊಂಡು ಅದನ್ನು ಕನ್ನಡದಲ್ಲಿ ಹೇಳಿದೆ. ಕಾವಲುಗಾರ ಗುಂಡಯ್ಯ ಅವಳಿಗೆ ಸಲಾಮು ಹೊಡೆದು ಬೀಗ ಹಾಕಿದ. ಅವಳು ತನ್ನ ಸ್ವೆಟರ್ ಬಿಚ್ಚಿ ನನ್ನ ಕೈಗಿಟ್ಟು ಹೋದಳು. ಮಗಳು ಈಗಲೂ ಅದರ ಮೇಲೆಯೇ ಮಲಗುತ್ತಾಳೆ. ಪ್ರವಾಸೋದ್ಯಮದಿಂದ ನಮ್ಮೂರಿಗೆ ಬಂದ ಒಟ್ಟು ವರಮಾನ ಅದು. ಬರೆದುಕೊಳ್ಳಿ.

ಈಗ ಮತ್ತೆ ಅದೇ ಗುಂಡಯ್ಯ, ಅದೇ ಬೀಗ. "ನಿಮ್ಮವ್ವ ನಿನ್ನ ಬಸ್ಸಿಂದ ಇಳ್ಸುದ್ಲೇನ್ಲಾ?" ಎಂದು ನರ್ಸ್ ಕದರಮ್ಮ ಬೈದರೆ ಅವನು ಹೇಳಿದ: "ಬೈಬ್ಯಾಡ ಕಣವ್ವ. ಬೆಳಿಗ್ಗೆ ಬಸ್ ಬತ್ತದೆ, ರೂಮು ಗಲೀಜಾದ್ರೆ ನನ್ ಕೆಲ್ಸ ಹೋಯ್ತದೆ. ಅವ್ರು ಉಚ್ಚೆ ಉಯ್ದ್ರೆ ಲೆಕ್ಕಕ್ಕೆ ಬತ್ತದೆ, ನೀವು ಹೆತ್ರೆ ಬರಲ್ಲ. ಸಾಹೇಬ್ರು ಒಂದ್ ಫೋನ್ ಮಾಡ್ಲಿ, ತೆಗೀತೀನಿ." ಬೀಗ ಒಡೆದರೆ ಪೊಲೀಸರಿಗೆ ಹೇಳಬೇಕೆಂದು ತಮ್ಮ ಅಪ್ಪಣೆಯಂತೆ.

ಮಗುವಿನ ಕಾಲು ಮುಂದಾಗಿದೆ. ದೊಡ್ಡಾಸ್ಪತ್ರೆಗೆಂದು ಬಸ್ಸಿನಲ್ಲಿ ಕುಲುಕಿಸಬಾರದು, ಕತ್ತಲಲ್ಲಿ ಕೈ ಹಾಕಲಾರೆ ಎನ್ನುತ್ತಾಳೆ ಕದರಮ್ಮ. ದೀಪ, ಮೇಜು ಎಲ್ಲವೂ ಒಳಗಿವೆ. ತಮ್ಮ ಮನೆಗೆ ಟ್ರಂಕ್ ಕಾಲ್ ಹಾಕಿಸಿದೆ. ಸಾಹೇಬರು ಊಟಕ್ಕೆ ಕೂತಿದ್ದಾರೆಂದು ಫೋನ್ ಇಟ್ಟುಬಿಟ್ಟರು. ಆದ್ದರಿಂದ ಈ ಪತ್ರ. ಕೊನೆಯ ಬಸ್ಸಿನ ಕಂಡಕ್ಟರ್ ಈ ರಾತ್ರಿಯೇ ಒಂದು ಪ್ರತಿಯನ್ನು ತಮಗೆ, ಇನ್ನೊಂದನ್ನು ಪತ್ರಿಕೆಗೆ ಮುಟ್ಟಿಸುತ್ತಾನೆ. ಆ ಕೋಣೆಯನ್ನು ಹೆರುವವರಿಗೆ ಬಿಟ್ಟುಕೊಡಿ. ಕೂಸು ಉಸಿರಿಲ್ಲದೆ ಬಂದರೆ, ಬಂದು ಹೋದವರ ಸಂಖ್ಯೆಗೆ ಅದನ್ನೂ ಕೂಡಿಸಿಕೊಳ್ಳಿ.

ಇಂತಿ, ತಮ್ಮ ಎಣಿಕೆಗೆ ಎಂದೂ ಸಿಗದ
ಸಿದ್ದಗಂಗಮ್ಮ, ಬಿ.ಎ.

ಬೈದದ್ದಕ್ಕೆಲ್ಲ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ ಸಾರ್. ಗುಂಡಯ್ಯ ಆಸ್ಪತ್ರೆಯ ಫೋನಿನ ಪಕ್ಕದಲ್ಲೇ ಕೂತಿದ್ದಾನೆ. ಬೆಳಗಾಗುವ ಮೊದಲು ಫೋನ್ ಮಾಡಿ.