ಸಣ್ಣತಾಯಿಯ ಹೂಂ

ಫೆಬ್ರವರಿ ೩೦, ೨೧೯೪
ಶಿಕ್ಷಕರ ತರಬೇತಿ ಕಾಲೇಜಿನ ಹಾಸ್ಟೆಲ್
ಅರಸೀಕೆರೆ ಮೇಲೂರು

ತೇಜಾವತಿ ಅಜ್ಜಿಯವರಿಗೆ ಕೆಂಚಮ್ಮಳ ನಮಸ್ಕಾರಗಳು.

ಗುರುತು ಪರಿಚಯ ಇಲ್ಲದೆ ಹೀಗೆ ಕಾಗದ ಬರೆಯುತ್ತಿರುವುದಕ್ಕೆ ಮೊದಲು ಮನ್ನಿಸಬೇಕು. ನೀವೀಗ ಬಿ.ಎಡ್. ಮೊದಲ ವರ್ಷದಲ್ಲಿದ್ದೀರಿ. ನಿಮಗೂ ನನಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಅಕ್ಕ ಅನ್ನೋಣ ಅನ್ನಿಸಿತ್ತು. ಆದರೆ ನೀವು ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿ, ಅಕ್ಕ ಅಂದರೆ ಮನೆಯಲ್ಲಿ ಯಾರೂ ಸುಮ್ಮನಿರಲ್ಲ. ಮೇಲಿನ ತಾರೀಖು ನೋಡಿ ಯಾರೋ ಆಟ ಆಡಿಸ್ತಿದ್ದಾರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ, ಫೆಬ್ರವರಿಗೂ ಮೂವತ್ತು. ನನ್ನ ಹೆಸರು ನೋಡಿಯೂ ನಗಬೇಡಿ, ಇದು ಈಗಿನ ಫ್ಯಾಷನ್. ನಮ್ಮ ಕ್ಲಾಸಿನಲ್ಲೇ ನಾಲ್ಕು ಜನ ಕೆಂಚಮ್ಮಂದಿರಿದ್ದೇವೆ. ಕನ್ನಡ ಅಲ್ಲಲ್ಲಿ ಎಡವಿದರೆ ಅದು ಮಾತ್ರ ನನ್ನದೇ ತಪ್ಪು. ನಾಲ್ಕನೇ ವಯಸ್ಸಿಗೆ ಹಾಸ್ಟೆಲಿಗೆ ಹಾಕಿದರು, ಅಲ್ಲಿ ಎಲ್ಲ ಇಂಗ್ಲಿಷೇ. ಕನ್ನಡವನ್ನು ಕಾಲೇಜಿಗೆ ಬಂದಮೇಲೆ, ಡಿಕ್ಷನರಿ ಇಟ್ಟುಕೊಂಡು ಕಲಿತೆ. ನನ್ನ ಕಷ್ಟ ಶುರುವಾಗಿದ್ದೂ ಅಲ್ಲಿಂದಲೇ.

ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಅಂತಾರೆ. ಹಿಂದಿನವರಿಗೆ ಬರೆಯುವ ಓಲೆ. ಮೊದಲ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೇ ಒಂದು, ಅದೂ ತನ್ನ ವಂಶದಲ್ಲಿ ಟೀಚರ್ ಆಗಲು ಓದಿದವರಿಗೆ ಮಾತ್ರ. ಎಲ್ಲರೂ ಶಿಕ್ಷಣದ ಇತಿಹಾಸದ ಬಗ್ಗೆ ದೊಡ್ಡ ದೊಡ್ಡ ಪ್ರಶ್ನೆ ಕೇಳುತ್ತಾರೆ. ನನ್ನದು ಬಹಳ ಸಣ್ಣ ಪ್ರಶ್ನೆ, ಅದಕ್ಕೇ ಬರೆಯಲು ಸಂಕೋಚ. ನಿಮ್ಮ ಮುಂದಿನ ಜೀವನದ ಬಗ್ಗೆ ಏನೂ ಹೇಳಬಾರದು ಅಂತ ರೂಲ್ ಇದೆ, ಹಾಗಾಗಿ ಪಾಸ್ ಆಗ್ತೀನಾ ಅಂತ ದಯವಿಟ್ಟು ಕೇಳಬೇಡಿ. ಬರೆಯಲು ಒಬ್ಬಳು ಮರಿಮೊಮ್ಮಗಳು ಇದ್ದಾಳೆ ಅನ್ನುವುದರಿಂದ ನೀವೇ ಏನಾದರೂ ಊಹಿಸಿಕೊಂಡರೆ ಅದು ನನ್ನ ತಪ್ಪಲ್ಲ.

ಇಲ್ಲಿ ಟೀಚರ್ ಆಗುವುದು ಹೇಗೆ ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಗಾಬರಿ ನಿಮಗೆ ಅರ್ಥವಾಗಲ್ಲ. ಲೆಕ್ಕ, ವಿಜ್ಞಾನ, ಭೂಪಟ ಇವನ್ನೆಲ್ಲ ಗೋಡೆಯೇ ಹೇಳಿಕೊಡುತ್ತದೆ. ಗೋಡೆ ಅಂದರೆ ಮಾತಾಡುವ ಹಲಗೆ, ಮಗು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಬೇಸರವೂ ಇಲ್ಲ ಕೋಪವೂ ಇಲ್ಲ. ಆದರೆ ಗೋಡೆಯ ಮುಂದೆ ಬೆಳೆದ ಮಕ್ಕಳು ಕ್ರಮೇಣ ಕೇಳುವುದನ್ನೇ ಬಿಟ್ಟರಂತೆ. ಆಮೇಲೆ ಮತ್ತೆ ಮನುಷ್ಯರನ್ನು ಇಟ್ಟರು. ಹಾಗಾಗಿ ನಮ್ಮ ಕೋರ್ಸಿನಲ್ಲಿ ಪಾಠಕ್ಕಿಂತ ಬೇರೆಯದೇ ಹೆಚ್ಚು. ಕಾಯುವ ಪತ್ರಿಕೆ ಅಂತ ಒಂದಿದೆ: ಮಗುವಿಗೆ ಪ್ರಶ್ನೆ ಹಾಕಿ, ಅದು ಬಾಯಿ ಬಿಡುವವರೆಗೆ ನಾವು ತುಟಿ ಅಲ್ಲಾಡಿಸಬಾರದು. ನಾನು ಅದರಲ್ಲಿ ಜಸ್ಟ್ ಪಾಸ್. ಜಗುಲಿ ತಿಂಗಳು ಅಂತ ಇನ್ನೊಂದು: ಮಕ್ಕಳ ಮನೆ ಮನೆಗೆ ಹೋಗಿ ಜಗುಲಿಯಲ್ಲಿ ಕೂತು, ಅವರ ಮನೆ ಮಾತು ಕೇಳಿಸಿಕೊಂಡು ಬರಬೇಕು. ನೀವು ಅಭ್ಯಾಸ ಬೋಧನೆ ಅನ್ನುತ್ತೀರಲ್ಲ, ಅದು ನಮ್ಮಲ್ಲಿ ನೆರಳುಪಾಠ, ಹಿಂದಿನ ಬೆಂಚಿನಲ್ಲಿ ಹಿರಿಯ ಟೀಚರ್ ಒಬ್ಬರು ಕೂತಿರುತ್ತಾರೆ. ನನ್ನ ಹಿಂದೆ ಕೂರುವವರು ರುದ್ರಾಣಿ ಮೇಡಂ. ಎಲ್ಲ ಮುಗಿದ ಮೇಲೆ ಹೂಂ-ಸಭೆ. ಅಲ್ಲಿ ನಾವು ಪಾಠ ಮಾಡಿದ ಮಕ್ಕಳೆಲ್ಲ ಸಾಲಾಗಿ ಕೂರುತ್ತಾರೆ. ಇವರು ಟೀಚರ್ ಆಗಬಹುದಾ ಅಂತ ಒಬ್ಬೊಬ್ಬರನ್ನೂ ಕೇಳುತ್ತಾರೆ. ಮಗು ಹೂಂ ಅನ್ನಬೇಕು. ಒಂದು ಮಗು ಉಹೂಂ ಅಂದರೂ, ಸುಮ್ಮನಿದ್ದರೂ ಸರ್ಟಿಫಿಕೇಟಿನ ದಾರಿ ಮುಚ್ಚಿತು, ಮತ್ತೆ ಮೊದಲ ವರ್ಷ.

ನನ್ನ ಕ್ಲಾಸಿನಲ್ಲಿ ಸಣ್ಣತಾಯಿ ಅಂತ ಏಳು ವರ್ಷದ ಹುಡುಗಿ ಇದ್ದಾಳೆ. ಅವಳು ಮಾತಾಡುವವಳೇ ಅಲ್ಲ. ನಾನು ಹೋಗಿ ಎಷ್ಟೋ ವಾರಗಳಾದರೂ ಅವಳ ದನಿ ಹೇಗಿದೆ ಅಂತ ಗೊತ್ತಿರಲಿಲ್ಲ. ಒಂದು ದಿನ ಹುಣಸೆ ಬೀಜ ಎಣಿಸುತ್ತಿದ್ದಾಗ ಕೈ ಎತ್ತಿದಳು. "ಮಿಸ್, ಸೊನ್ನೆ ಅಂದಾಗ ಎಣಿಸೋಕೆ ಶುರು ಮಾಡಿದಂಗಾ, ಇನ್ನೂ ಮಾಡಿಲ್ದಂಗಾ?" ಅಂದಳು. ಅಜ್ಜಿ, ನನಗೆ ಮೈ ಜುಂ ಅಂತು. ಗೋಡೆಯನ್ನು ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿ, "ನೋಡಿ ಮಕ್ಕಳೇ, ಸಣ್ಣತಾಯಿ ನಮ್ಮ ಕ್ಲಾಸಿನ ಗೂಬೆ!" ಅಂದೆ.

ನೀವೀಗ ಹಣೆ ಚಚ್ಚಿಕೊಂಡಿರಬೇಕು. ನನಗೆ ಗೊತ್ತಿರಲಿಲ್ಲ, ನಿಜವಾಗಿಯೂ. ನಮ್ಮ ಹಾಸ್ಟೆಲಿನಲ್ಲಿ ಬುದ್ಧಿವಂತ ಮಕ್ಕಳಿಗೆ ಔಲ್ ಬ್ಯಾಡ್ಜ್ ಕೊಡುತ್ತಿದ್ದರು. ಅದಕ್ಕಾಗಿ ನಾನು ಆರು ವರ್ಷ ಕಾದಿದ್ದೆ, ಸಿಕ್ಕಿರಲಿಲ್ಲ. ಸಣ್ಣತಾಯಿಗೆ ಅದನ್ನೇ ಕೊಡೋಣ ಅನ್ನಿಸಿತು, ಡಿಕ್ಷನರಿಯಲ್ಲಿ ಓದಿದ್ದ ಕನ್ನಡ ಪದ ಬಾಯಿಗೆ ಬಂತು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಖುಷಿಗೆ ನಗುತ್ತಿದ್ದಾರೆ ಅಂದುಕೊಂಡು ನಾನು ಬೋರ್ಡ್ ಮೇಲೆ ಚಿತ್ರ ಬೇರೆ ಬರೆದೆ, ದೊಡ್ಡ ದೊಡ್ಡ ಕಣ್ಣಿಟ್ಟು. ತಿರುಗಿ ನೋಡಿದರೆ ಸಣ್ಣತಾಯಿ ಹುಣಸೆ ಬೀಜಗಳನ್ನು ಒಂದೊಂದಾಗಿ ಡಬ್ಬಿಗೆ ವಾಪಸ್ ಹಾಕುತ್ತಿದ್ದಳು.

ಮಾರನೇ ದಿನ ಅವಳ ತಾತ ಬಂದರು. ಶಾಲೆಯ ಬಾಗಿಲಲ್ಲೇ ನಿಂತು, "ಏನವ್ವಾ ಟೀಚರಮ್ಮ, ನಮ್ಮ ಮಗೀನ ಗೂಬೆ ಅಂದ್ಯಂತೆ? ಅದು ಬಾಯಿ ಬಿಟ್ಟಿದ್ದೇ ಮೊದಲ್ನೇ ಸಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ. ನಾನು ಅಳುಮೋರೆ ಮಾಡಿಕೊಂಡು ಅರ್ಧ ಇಂಗ್ಲಿಷಿನಲ್ಲಿ, ಔಲ್ ಅಂದರೆ ತುಂಬಾ ವೈಸ್, ತಾತ, ಬೇಸಿಕಲಿ ಅದು ಹೊಗಳಿಕೆ ಅಂತ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಹಾಸ್ಟೆಲ್ನಾಗೆ ಅದು ಬುದ್ಧಿವಂತ ಹಕ್ಕಿ ಇರಬೌದು ಕಣವ್ವ. ನಮ್ಮ ಸೂರಿನ ಮ್ಯಾಲೆ ಕೂತ್ರೆ ಗೂಬೆನೇ" ಅಂದು ಟವೆಲ್ ಕೊಡವಿ ಹೊರಟುಹೋದರು. ಈಗ ಮಕ್ಕಳೆಲ್ಲ ಅವಳನ್ನು ಗೂಬೆಸಣ್ಣಿ ಅಂತ ಕರೆಯುತ್ತಾರೆ. ನಾನು ಗದರಿಸಿದಷ್ಟೂ ಜಾಸ್ತಿ ಕರೆಯುತ್ತಾರೆ. ಅವಳು ದಿನಾ ಬರುತ್ತಾಳೆ, ಕೂರುತ್ತಾಳೆ, ಹೋಗುತ್ತಾಳೆ. ಬಾಯಿ ಮಾತ್ರ ಬಿಡುವುದಿಲ್ಲ.

ರುದ್ರಾಣಿ ಮೇಡಂ ಹತ್ತಿರ ಹೋಗಿ, ಡಿಕ್ಷನರಿಯಲ್ಲಿ ಬರೀ ಪಕ್ಷಿ ಅಂತಿತ್ತು ಮೇಡಂ, ಬೈಗುಳ ಅಂತ ಇರಲೇ ಇಲ್ಲ ಅಂದೆ. ಅವರು, "ಡಿಕ್ಷನರಿ ಮೇಲೆ ಗೂಬೆ ಕೂರಿಸಬೇಡ ಕೆಂಚಮ್ಮ" ಅಂದರು. ಆ ಮಾತಿನಲ್ಲೂ ಗೂಬೆ ಯಾಕೆ ಬಂತು ಅಂತ ತಿಳಿಯದೆ ನಾನು ಹೂಂ ಮೇಡಂ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಗು ನಿಲ್ಲಿಸಿ, "ಹೋಗಿ ಸರಿಮಾಡಿಕೋ" ಅಂದರು. ಹೇಗೆ ಅಂತ ಕೇಳಿದ್ದಕ್ಕೆ, "ಅದಕ್ಕೆ ಪತ್ರಿಕೆ ಇಲ್ಲ" ಅಂದರು.

ಸರಿಮಾಡಿಕೊಳ್ಳಲು ನನ್ನ ಹತ್ತಿರ ಮಾತೇ ಇಲ್ಲ, ಅಜ್ಜಿ. ಸಾರಿ ಅಂತ ಹೇಳಿದೆ. ಆದರೆ ನಮ್ಮ ಕಾಲದಲ್ಲಿ ಬಾಗಿಲು ತಡವಾಗಿ ತೆರೆದರೂ ಸಾರಿ ಅನ್ನುತ್ತದೆ, ನಲ್ಲಿ ನಿಂತರೂ ಸಾರಿ ಅನ್ನುತ್ತದೆ. ಆ ಪದ ಮಕ್ಕಳ ಕಿವಿಗೇ ಬೀಳುವುದಿಲ್ಲ. ಕನ್ನಡದಲ್ಲಿ ಹೇಳೋಣ ಅಂತ, ಎಲ್ಲರ ಮುಂದೆ ನಿಂತು, "ನನ್ನನ್ನು ಕ್ಷಮಿಸು, ಸಣ್ಣತಾಯಿ" ಅಂದೆ. ನಾಟಕದ ಡೈಲಾಗ್ ಕೇಳಿದ ಹಾಗೆ ಹಿಂದಿನ ಸಾಲಿನ ಮಕ್ಕಳು ಕಿಸಿಕಿಸಿ ನಕ್ಕರು. ಅವಳ ಕಿವಿ ಕೆಂಪಾಯಿತು. ಹೀಗೆ ನನ್ನಿಂದ ಎರಡನೇ ಸಲವೂ ಅವಮಾನವಾಯಿತು. ತಪ್ಪಾಯ್ತು ಅನ್ನೋಣ ಅಂದರೆ, ಅದನ್ನು ಚಿಕ್ಕವರು ದೊಡ್ಡವರಿಗೆ ಹೇಳುವುದನ್ನು ಮಾತ್ರ ಕೇಳಿದ್ದೇನೆ. ದೊಡ್ಡವರು ಚಿಕ್ಕವರಿಗೆ ಏನನ್ನುತ್ತಾರೆ? ಜಗುಲಿ ತಿಂಗಳಲ್ಲಿ ಎಲ್ಲರ ಮನೆಯಲ್ಲೂ ಕೂತಿದ್ದೆ, ಇದೊಂದನ್ನು ಕೇಳಿಸಿಕೊಳ್ಳಲಿಲ್ಲ. ಚಿಕ್ಕಂದಿನ ಹಾಸ್ಟೆಲಿನಲ್ಲಿ ವಾರ್ಡನ್‌ಗೆ ತಮ್ಮದೇ ತಪ್ಪು ಅಂತ ಗೊತ್ತಾದರೆ ನಮ್ಮ ಖಾತೆಗೆ ಒಂದು ಸ್ಟಾರ್ ಬೀಳುತ್ತಿತ್ತು, ಅಷ್ಟೇ. ನನಗೆ ಗೊತ್ತಿರುವುದೂ ಅಷ್ಟೇ.

ನಿನ್ನೆ ಶಾಲೆ ಬಿಟ್ಟಮೇಲೆ ಸಣ್ಣತಾಯಿ ನಲ್ಲಿಯ ಹತ್ತಿರ ಸಿಕ್ಕಳು. ನಾನು ಏನು ಹೇಳಲಿ ಅಂತ ತಡವರಿಸುತ್ತಿದ್ದಾಗ ಅವಳೇ, ನನ್ನ ಮುಖ ನೋಡದೆ, "ಸಭೇಲಿ ಹೂಂ ಅಂತೀನಿ ಮಿಸ್, ಬಿಡಿ" ಅಂದಳು. ಲೋಟ ತೊಳೆದುಕೊಂಡು ಹೋದಳು. ನಾನು ನೆಮ್ಮದಿಯಾಗಿ ನಿದ್ದೆ ಮಾಡಬೇಕಿತ್ತು ಅಲ್ಲವಾ? ಹಾಸ್ಟೆಲಿನ ಗೆಳತಿಯರೆಲ್ಲ ಕಂಗ್ರಾಟ್ಸ್ ಹೇಳಿದರು. ಆದರೆ ನನಗೆ ಅನ್ನ ಸೇರುತ್ತಿಲ್ಲ. ನಾನು ಫೇಲಾಗುತ್ತೇನೆ ಅಂತ ಏಳು ವರ್ಷದ ಮಗು ಕನಿಕರಪಟ್ಟು ನನಗೆ ಪಾಸು ಕೊಡುತ್ತಿದೆ. ದೊಡ್ಡವರಿಗೆ ಬೇಕಾಗಿದ್ದು ಒಂದು ಹೂಂ ಅಷ್ಟೇ, ಅದನ್ನು ಕೊಟ್ಟುಬಿಟ್ಟರೆ ತನ್ನ ಪಾಡಿಗೆ ಬಿಡುತ್ತಾರೆ ಅಂತ ಅವಳು ಕಲಿತಳು. ಅದನ್ನು ಕಲಿಸಿದವಳು ನಾನು. ರುದ್ರಾಣಿ ಮೇಡಂಗೆ ಹೇಳಿದೆ. ಅವರು, "ಸರ್ಟಿಫಿಕೇಟ್ ಬರುತ್ತೆ ಬಿಡು. ಅವಳು ಇನ್ನೊಂದು ಪ್ರಶ್ನೆ ಕೇಳ್ತಾಳಾ, ಅದನ್ನ ನೋಡು" ಅಂದರು.

ಗುರುವಾರ ಸಭೆ. ಆಮೇಲೆ ಎರಡನೇ ವರ್ಷಕ್ಕೆ ನನ್ನನ್ನು ಬೇರೆ ಊರಿನ ಶಾಲೆಗೆ ಹಾಕುತ್ತಾರೆ, ಸಣ್ಣತಾಯಿಯನ್ನು ಮತ್ತೆ ನೋಡುವ ಹಾಗಿಲ್ಲ. ಅವಳ ಹೂಂ ಬೇಡವೇ ಬೇಡ, ಇನ್ನೊಂದು ವರ್ಷ ಇಲ್ಲೇ ಕೂರುತ್ತೇನೆ ಅಂತಲೂ ಅನ್ನಿಸುತ್ತದೆ. ಆದರೆ ಸರಿಯಾದ ಮಾತು ಗೊತ್ತಿಲ್ಲದೆ ಹತ್ತು ವರ್ಷ ಕೂತರೂ ಏನು ಬಂತು?

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮಗೂ ಈಗ ಪಾಠ ಯೋಜನೆ, ರೆಕಾರ್ಡು, ಚಾರ್ಟು ಅಂತ ಪುರುಸೊತ್ತಿಲ್ಲ ಅಂತ ಗೊತ್ತು. ಪುಸ್ತಕದಲ್ಲಿರುವುದು ಬೇಡ, ಅದನ್ನೆಲ್ಲ ಓದಿದ್ದೇನೆ. ನೀವು ಚಿಕ್ಕವರಿದ್ದಾಗ ನಿಮ್ಮ ಅಮ್ಮನೋ, ಅಪ್ಪನೋ, ಯಾವುದಾದರೂ ಮಿಸ್ಸೋ ನಿಮ್ಮನ್ನು ಸುಮ್ಮಸುಮ್ಮನೆ ನೋಯಿಸಿ, ಆಮೇಲೆ ಅದು ಗೊತ್ತಾದಾಗ, ನಿಮ್ಮ ಹತ್ತಿರ ಬಂದು ಏನಂದರು? ಏನೂ ಅನ್ನದೆ ಏನಾದರೂ ಮಾಡಿದ್ದರೆ, ಅದನ್ನೇ ಬರೆಯಿರಿ. ಆಮೇಲೆ ನೀವು ಮತ್ತೆ ಮಾತಾಡಿದಿರಾ, ಅದನ್ನೂ ಬರೆಯಿರಿ.

ಉತ್ತರವನ್ನು ಕಾಗದದಲ್ಲಿ ಬರೆದು ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಯಾರೂ ತೆಗೆಯದ ಯಾವುದಾದರೂ ಪುಸ್ತಕದೊಳಗೆ ಇಟ್ಟರೆ ಸಾಕು, ಇಲ್ಲಿಯವರು ಹುಡುಕಿ ತರುತ್ತಾರೆ. ನೀವು ಇವತ್ತು ಬರೆದರೂ, ಮುದುಕಿಯಾದ ಮೇಲೆ ಬರೆದರೂ ನನ್ನ ಕೈಗೆ ಸಿಗುವುದು ಒಂದೇ ದಿನ ಅಂತ ಇವರು ಹೇಳುತ್ತಾರೆ. ಆದರೂ ನಾಳೆ ನೋಡೋಣ ಅಂತ ಇಟ್ಟರೆ ಮರೆತುಹೋಗುತ್ತದೆ, ಪರೀಕ್ಷೆ ಬರುತ್ತದೆ. ಆದಷ್ಟು ಬೇಗ ಉತ್ತರ ಬರೆಯಿರಿ ಅಜ್ಜಿ.

ಇಂತಿ,
ಕೆಂಚಮ್ಮ
ಮೊದಲ ವರ್ಷ