ಕರೆಯದೆ ಬರುವವರು

ಕೊಲಾಶಿನ್
ನವೆಂಬರ್ ೧೦, ೨೦೧೭, ಶುಕ್ರವಾರ ಮಧ್ಯಾಹ್ನ

ನನ್ನ ಮುದ್ದು ತಮ್ಮ ಬ್ಲಾಗೋತಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತದೆ ಎಂದು ನಿನ್ನ ಹೆಂಡತಿ ಸ್ಟಾನಿಯಾ ಹೇಳಿದ್ದಳು. ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಅದು ಪಶ್ಚಿಮದವರ ಮದ್ದು ಎಂದು ಕಿಟಕಿಯಲ್ಲೇ ಒಣಗಲು ಬಿಟ್ಟಿದ್ದೀಯೋ? ನಿನ್ನನ್ನೇ ಕೇಳೋಣವೆಂದರೆ, ಫೋನಿನಲ್ಲಿ ನನ್ನ ದನಿ ಕೇಳಿದ ತಕ್ಷಣ "ಸ್ಟಾನಿಯಾ, ನಿಂಗೆ" ಎಂದು ಅವಳ ಕೈಗೆ ದಾಟಿಸುತ್ತೀಯ. ಹೆಚ್ಚು ಕಡಿಮೆ ಒಂದು ವರ್ಷ ಸಹಿಸಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮುಖ ಗಂಟಿಕ್ಕಿಕೊಂಡಾದರೂ ಸರಿ, ಕೂತು ಓದು.

ನಾವು ಚೆನ್ನಾಗಿದ್ದೇವೆ. ಬ್ಯೆಲಾಸಿತ್ಸಾ ಬೆಟ್ಟದ ನೆತ್ತಿಗೆ ಮೊನ್ನೆಯೇ ಹಿಮ ಬಿತ್ತು. ಎಲೆಕೋಸು ಪೀಪಾಯಿ ಸೇರಿದೆ, ಹಂದಿಯ ತೊಡೆಗಳು ಹೊಗೆಯಲ್ಲಿ ತೂಗುತ್ತಿವೆ. ನಿನ್ನ ಭಾವ ಯಾಗೋಶನಿಗೆ ಬೆನ್ನು ಹಿಡಿದಿದೆ, ಆದರೆ ಬಾಯಿಗೆ ಮಾತ್ರ ಏನೂ ಆಗಿಲ್ಲ. ನಮ್ಮ ಬಾಲ್ಶಾ ಇನ್ನೂ ಪೊಡ್ಗೊರಿತ್ಸಾದ ಸೇನಾ ಶಿಬಿರದಲ್ಲೇ ಇದ್ದಾನೆ. ಬೇಸಿಗೆಯಲ್ಲಿ ಸಾರ್ಜೆಂಟ್ ಆದ. "ಮಾವ ಏನಂದ್ರಮ್ಮಾ?" ಎಂದು ಅವತ್ತಿನಿಂದ ಪ್ರತಿ ಸಲವೂ ಕೇಳುತ್ತಾನೆ. ಏನೂ ಅನ್ನಲಿಲ್ಲ ಕಣೋ ಎಂದು ಎಷ್ಟು ಸಲ ಹೇಳಲಿ? ಒಮ್ಮೆ "ಸಂತೋಷಪಟ್ಟ" ಎಂದು ಸುಳ್ಳು ಹೇಳಿದೆ. ಆ ಪಾಪ ನಿನ್ನ ತಲೆಗೇ.

ಇಪ್ಪತ್ತೊಂದಕ್ಕೆ ಸ್ಲಾವಾ. ಯಾಗೋಶನ ಮನೆದೇವರಾದ ಸಂತ ಮಿಖಾಯಿಲನ ದಿನ. ಮೂವತ್ತೊಂದು ವರ್ಷ ನೀನು ಆ ದಿನ ಬೆಳಿಗ್ಗೆ ಬೆಲ್‌ಗ್ರೇಡಿನ ರೈಲು ಇಳಿದು, ಬೂಟಿನ ಹಿಮ ಕೊಡವುತ್ತ ಬಾಗಿಲಲ್ಲಿ ನಿಂತಿದ್ದೀಯ. ಮೂವತ್ತು ವರ್ಷ ಹಬ್ಬದ ರೊಟ್ಟಿಯನ್ನು ಒಂದು ಕಡೆ ಯಾಗೋಶ್, ಇನ್ನೊಂದು ಕಡೆ ನೀನು ಹಿಡಿದು ತಿರುಗಿಸಿ ಮುರಿದಿದ್ದೀರಿ. ಹೋದ ವರ್ಷ ಮಾತ್ರ, ರೊಟ್ಟಿ ಇನ್ನೂ ಇಡಿಯಾಗಿದ್ದಾಗಲೇ, ಮೇಣದಬತ್ತಿ ಉರಿಯುತ್ತಿದ್ದಾಗಲೇ, ನೀನು ಟೋಪಿ ಹಾಕಿಕೊಂಡು ಎದ್ದು ಹೋದೆ. ನಾನೇನೂ ಮರೆತಿಲ್ಲ. ತೊಂಬತ್ತೊಂಬತ್ತರಲ್ಲಿ ಪಶ್ಚಿಮದ ಸೇನಾ ಒಕ್ಕೂಟದ ಬಾಂಬಿಗೆ ನಿಮ್ಮೂರು ನೋವಿ ಸಾದ್‌ನ ಸೇತುವೆಗಳು ಒಂದೊಂದಾಗಿ ಡ್ಯಾನ್ಯೂಬಿಗೆ ಬೀಳುತ್ತಿದ್ದಾಗ ಮಕ್ಕಳನ್ನು ನೆಲಮಾಳಿಗೆಯಲ್ಲಿ ಮಲಗಿಸಿದವನು ನೀನು. "ಬಾಂಬ್ ಹಾಕ್ದೋರ ಜೊತೆಗೇ ಕೂಡಿಕೆ ಮಾಡ್ಕೋತಿದೀರಲ್ಲ, ನಾಚ್ಕೆ ಆಗಲ್ವಾ ನಿಮ್ಗೆ?" ಎಂದು ನೀನು ಯಾಗೋಶನನ್ನು ಕೇಳಿದೆ. ಅದಕ್ಕೆ ಆ ಮಹಾರಾಯ ನಾಲ್ಕನೆಯ ಲೋಟ ರಾಕಿಯಾ ಸಾರಾಯಿ ಇಳಿಸಿ, "ಬಿದ್ದ ಸೇತುವೆ ಎಲ್ಲಾ ಮತ್ತೆ ಕಟ್ಟಿದಾರಲ್ಲೋ, ಮೊದ್ಲಿಗಿಂತ ಚೆನ್ನಾಗೇ ಇವೆ" ಎಂದುಬಿಟ್ಟ. ಜೋಳದ ಮುದ್ದೆ ತಿರುವುವ ಕೋಲು ಕೈಯಲ್ಲೇ ಇತ್ತು, ಅವನ ಬೆನ್ನಿಗೆ ಒಂದು ಬಿಡಬೇಕಿತ್ತು. ಬಿಡಲಿಲ್ಲ. ನೀನು ಎದ್ದದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ನೀನಿಲ್ಲದ ಆ ಮೇಜನ್ನು ಇನ್ನೊಂದು ವರ್ಷ ನೋಡಲು ನನ್ನ ಕೈಲಾಗದು.

ಹಾಗಂತ ನಿನ್ನನ್ನು ಕರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಸ್ಲಾವಾಕ್ಕೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದು ನಿನಗೆ ನಾನು ಹೇಳಬೇಕೇ? ಒಮ್ಮೆ ಬಂದವರು ಮುಂದೆ ಪ್ರತಿ ವರ್ಷ ತಾವಾಗಿಯೇ ಬರುತ್ತಾರೆ. ಅಂಥವರನ್ನು ಕರೆದರೆ ನೀವು ಈ ಮನೆಯವರಲ್ಲ ಎಂದಂತೆ. ಯಾಗೋಶನ ಅಪ್ಪ ಕರೆದವನಲ್ಲ, ಅವನ ಅಜ್ಜ ಕರೆದವನಲ್ಲ. ಈಗ ನೋಡು, ಕರೆಯದೆ ಬರುವುದಿಲ್ಲ ಎಂದು ನೀನು ಅಲ್ಲಿ ಬಿಗಿದುಕೊಂಡು ಕೂತಿದ್ದೀಯ, ಕರೆಯುವಂತಿಲ್ಲ ಎಂದು ಈತ ಇಲ್ಲಿ. ಇಬ್ಬರ ನಡುವೆ ನಾನು. ನಾನು ಹಿಮ ಬಿದ್ದ ಸುದ್ದಿ ಬರೆಯುತ್ತಿದ್ದೇನೆ, ಅಷ್ಟೇ.

ಇರಲಿ, ಒಂದು ವಿಷಯ ಹೇಳಬೇಕು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಗೊತ್ತಿಲ್ಲದ್ದು ಕಂಡರೆ ಕೆದಕದೆ ಬಿಡುವವಳಲ್ಲ. ಜೂನ್ ಐದಕ್ಕೆ ನಮ್ಮ ದೇಶವೂ ಆ ಸೇನಾ ಒಕ್ಕೂಟಕ್ಕೆ ಸೇರಿತು. ಮರುದಿನ ಎದ್ದು ನೋಡಿದರೆ ಹಸುವೂ ಅದೇ, ರಸ್ತೆಯ ಗುಂಡಿಯೂ ಅದೇ. ಹಾಗಾದರೆ ನಾವು ಸೇರಿದ್ದಾದರೂ ಏನನ್ನು? ಯಾಗೋಶನನ್ನು ಕೇಳಿದರೆ "ಸುರಕ್ಷತೆ" ಎನ್ನುತ್ತಾನೆ, ಪಕ್ಕದ ಮನೆಯ ವುಕೋಸಾವಾಳನ್ನು ಕೇಳಿದರೆ "ದ್ರೋಹ" ಎನ್ನುತ್ತಾಳೆ. ಇಬ್ಬರಿಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಜುಲೈನಲ್ಲಿ ಸೇನೆಯವನೊಬ್ಬ ಊರಿನ ಸಭಾಭವನಕ್ಕೆ ವಿವರಿಸಲು ಬಂದಾಗ ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಚೂಪು ಮೂಗಿನ ಯುವ ಅಧಿಕಾರಿ, ಇಸ್ತ್ರಿ ಮಾಡಿದ ಅಂಗಿ. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದ ಹಾಗೆ ಎಂದ. ವುಕೋಸಾವಾ ಹಿಂದಿನಿಂದ, "ಹಾಗಾದ್ರೆ ಯಾಗೋಶನ ಹೋರಿ ನನ್ನ ಹಿತ್ಲಿಗೆ ನುಗ್ದಾಗ ಯಾರ್ಗೆ ಫೋನ್ ಮಾಡ್ಲಿ?" ಎಂದಳು. ಸಭೆಗೆ ಸಭೆಯೇ ನಕ್ಕಿತು. ಯಾಗೋಶ್ ನೆಲ ನೋಡಿದ.

ನಾನು ಕೈ ಎತ್ತಿದೆ. ನಮ್ಮ ಮೇಲೆ ಯಾರಾದರೂ ಬಿದ್ದರೆ ಅವರೆಲ್ಲ ಎಷ್ಟು ಜನ ಕಳಿಸಬೇಕು ಎಂದು ಬರೆದಿದೆಯೇ ಎಂದು ಕೇಳಿದೆ. ಇಲ್ಲವಂತೆ, ಏನು ಕಳಿಸಬೇಕು ಎನ್ನುವುದು ಅವರವರಿಗೇ ಬಿಟ್ಟದ್ದಂತೆ. "ಹಾಗಿದ್ರೆ ಒಬ್ಬ ಎರಡು ಕಂಬಳಿ ಕಳ್ಸಿ ಕೈ ತೊಳ್ಕೊಂಡ್ರೂ ಆಯ್ತಾ?" ಎಂದೆ. "ಹಾಗೆ ಯಾರೂ ಮಾಡಲ್ಲ ಅಜ್ಜೀ" ಎಂದ. ಅಜ್ಜಿಯಂತೆ! ನನಗಿನ್ನೂ ಅರವತ್ತಾರು. ಒಳಗಿರುವ ಇಬ್ಬರೇ ಕಿತ್ತಾಡಿಕೊಂಡರೆ ಎಂದು ಮತ್ತೆ ಕೇಳಿದೆ. ನೀರು ಕುಡಿದು, ಕೂತು ಮಾತಾಡಲು ಮೇಜಿದೆ, ಅಲ್ಲಿ ಇಪ್ಪತ್ತೊಂಬತ್ತು ದೇಶದವರೂ ಒಪ್ಪಿದರೆ ಮಾತ್ರ ತೀರ್ಮಾನ ಎಂದ. ನಮ್ಮ ಮನೆಯಲ್ಲಿ ಇರುವುದೇ ಇಬ್ಬರು, ಏನು ಅಡುಗೆ ಎನ್ನುವುದಕ್ಕೂ ಒಮ್ಮತವಿಲ್ಲ. ಯಾಗೋಶ್ ನನ್ನ ಅಂಗಿಯ ತೋಳು ಜಗ್ಗಿ "ಸಾಕು ಕೂತ್ಕೊಳೇ, ಮಾನ ಕಳೀಬೇಡ" ಎಂದ. ಕೂರಲಿಲ್ಲ. ಇನ್ನೊಂದು ಉಳಿದಿತ್ತು: ಅಲ್ಲಿಗೆ ಸೇರುವುದು ಹೇಗೆ, ನಾವೇ ಹೋಗಿ ಬಾಗಿಲು ತಟ್ಟಿದೆವೇ?

ಅವನು ಹೇಳಿದ್ದು ಕೇಳಿ ನಾನು ಬೆಪ್ಪಾದೆ. ಬಾಗಿಲು ತಟ್ಟಿದರೆ ಸಾಲದಂತೆ, ಒಳಗಿರುವವರು ಕರೆಯೋಲೆ ಕಳಿಸಬೇಕಂತೆ. ನಾವು ಕೆಲವು ವರ್ಷ ಕಾದ ಮೇಲೆ ೨೦೧೫ರ ಡಿಸೆಂಬರಿನಲ್ಲಿ ಕರೆಯೋಲೆ ಬಂತಂತೆ. ಯೋಚಿಸು ಬ್ಲಾಗೋತಾ. ಹಬ್ಬಕ್ಕೆ ಒಡಹುಟ್ಟಿದವರನ್ನೂ ಕರೆಯದ ಜನ ನಾವು, ಪರರ ಕರೆಗಾಗಿ ಅಂಚೆಪೆಟ್ಟಿಗೆ ನೋಡುತ್ತ ಕೂತಿದ್ದೆವು. ಮನೆಗೆ ಬರುತ್ತ ದಾರಿಯಲ್ಲಿ ಯಾಗೋಶನಿಗೆ ಇದನ್ನೇ ಹೇಳಿದೆ. "ಅವ್ರು ಕರೆದಿದ್ದು ನಿಮ್ಗೆ ಅವಮಾನ ಆಗ್ಲಿಲ್ಲ, ಅಲ್ವಾ?" ಎಂದೆ. ಅವನು ಬೇಲಿಯ ಗೂಟ ಅಲುಗಾಡಿಸಿ ನೋಡಿದ. ಆ ಗೂಟ ಗಟ್ಟಿಯಾಗಿಯೇ ಇತ್ತು.

ಸೇರಿದ್ದು ಒಳ್ಳೆಯದೋ ಕೆಟ್ಟದ್ದೋ, ನನಗೆ ಇನ್ನೂ ತಿಳಿದಿಲ್ಲ. ನಿನ್ನ ಸೇತುವೆಗಳನ್ನು ನೆನೆದರೆ ನೀನು ಹೇಳಿದ್ದು ಸರಿ ಎನಿಸುತ್ತದೆ. ಎರಡು ಸಾವಿರ ಜನರ ಸೇನೆಯಲ್ಲಿ ನನ್ನ ಮಗನೂ ಒಬ್ಬ ಎಂದು ನೆನೆದರೆ, ಹಿಂದೆ ಯಾರಾದರೂ ಇರಲಿ ಎನಿಸುತ್ತದೆ. ನಿನ್ನ ಜೊತೆ ಕೂತು ಇದನ್ನೆಲ್ಲ ಮಾತಾಡಬೇಕಿತ್ತು, ಕೂಗಾಡಿದ್ದರೂ ಪರವಾಗಿರಲಿಲ್ಲ. ನಿನ್ನನ್ನು ನೋಡಬೇಕೆನಿಸಿದೆ ಕಣೋ.

ಸ್ಟಾನಿಯಾಳಿಗೆ ನನ್ನ ಅಪ್ಪುಗೆ. ಮಕ್ಕಳ ಹಣೆಗೆ ನನ್ನ ಪರವಾಗಿ ಮುತ್ತಿಡು, ದೊಡ್ಡವರಾದೆವು ಎಂದು ತಪ್ಪಿಸಿಕೊಂಡರೂ ಬಿಡಬೇಡ. ದೇವರು ನಿನ್ನ ಮಂಡಿಗೂ ಮನಸ್ಸಿಗೂ ಸ್ವಲ್ಪ ಬಗ್ಗುವ ಶಕ್ತಿ ಕೊಡಲಿ.

ನಿನ್ನ ಅಕ್ಕ,
ದಾರಿಂಕಾ

ತಾ.ಕ.: ಇದನ್ನು ಮೂರು ಗಂಟೆಯ ಬಸ್ಸಿನ ಡ್ರೈವರ್ ಕೈಗೆ ಕೊಡಬೇಕು, ಸಮಯವಿಲ್ಲ. ಲಕೋಟೆ ಅಂಟಿಸುವಾಗ ಬಾಲ್ಶಾ ಬಂದ. ಡಿಸೆಂಬರ್ ಒಂದಕ್ಕೆ ಒಕ್ಕೂಟದ ಪಡೆಯ ಜೊತೆ ಅಫ್ಘಾನಿಸ್ತಾನಕ್ಕೆ ಹೊರಡುವವರ ಪಟ್ಟಿಯಲ್ಲಿ ಅವನ ಹೆಸರಿದೆ, ಆರು ತಿಂಗಳು. ಮೊದಲೂ ನಮ್ಮ ಹುಡುಗರು ಹೋಗಿ ಬಂದಿದ್ದಾರೆ ಎಂದು ನಗುತ್ತಾನೆ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಯಾಗೋಶ್ ಸೌದೆ ತರುತ್ತೇನೆಂದು ಹೊರಗೆ ಹೋದವನು ಬರಿಗೈಯಲ್ಲಿ ಬಂದು ನನ್ನ ಬೆನ್ನ ಹಿಂದೆ ನಿಂತ. "ಬರಿ. ಬಾ ಅಂತ ಬರಿ" ಎಂದ. ನಿಮ್ಮ ಮನೆಯಲ್ಲಿ ಯಾರೂ ಕರೆದಿಲ್ಲವಲ್ಲ ಎಂದೆ. "ನನ್ ಬಾಯಿಂದ್ಲೇ ಅವನ್ನ ಹೊರಗಿನೋನು ಮಾಡ್ದೆ ಕಣೇ. ಹೊರಗಿನೋನನ್ನ ಕರೀಲೇಬೇಕಲ್ಲ, ಬರಿ ಅಂದ್ನಲ್ಲ!" ಎಂದ. ಅವನು ಅಳುತ್ತಿದ್ದಾನೆ ಬ್ಲಾಗೋತಾ, ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಇದನ್ನು ನೋಡಿರಲಿಲ್ಲ. ಕೆಳಗಿನ ಸಾಲು ಅವನದೇ ಕೈಬರಹ.

ಇಪ್ಪತ್ತೊಂದಕ್ಕೆ ಬಾ. ದಯವಿಟ್ಟು. ಯಾಗೋಶ್.