ಬಗ್ಗದ ಬೆನ್ನು

ಸವಾಯಿ ದ್ವೀಪ, ಗುರುವಾರ

ಪ್ರಿಯ ಬ್ರಿಜೆಟ್ ಅವರಿಗೆ,

ಸೋಮವಾರ ನಿಮ್ಮ ನಾಯಕತ್ವದ ತರಗತಿಗೆ ಬರಲಾಗುವುದಿಲ್ಲ. ಆಕ್ಲೆಂಡಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯಾದಾಗಿನಿಂದ ನೀವು ಕಲಿಸಿದ್ದನ್ನು ಬಿಟ್ಟಿಲ್ಲ: ಉಸಿರು ಹೊಟ್ಟೆಗೆ, ಬೆನ್ನು ನೆಟ್ಟಗೆ, ನೋಟ ನೇರ. ಅದು ಊರಿಗೂ ನನ್ನ ಜೊತೆ ಬಂದುಬಿಟ್ಟಿತು.

ನಮ್ಮಲ್ಲಿ ಕುಳಿತ ಹಿರಿಯರ ಮುಂದೆ ಸೊಂಟ ಬಗ್ಗಿಸಿಯೇ ದಾಟಬೇಕು. ನಿನ್ನೆ ಕುಲದ ಸಭೆಯಲ್ಲಿ ಎಲ್ಲರೂ ಚಾಪೆಯ ಮೇಲಿದ್ದಾಗ ನಾನು ಕೋಕೋ ಲೋಟಗಳ ತಟ್ಟೆ ಹಿಡಿದು ಕಂಬದ ಹಾಗೆ ನಡೆದುಹೋದೆ.

"ಆಕ್ಲೆಂಡಲ್ಲಿ ಇದನ್ನೇನೇ ಕಲ್ತಿದ್ದು?" ಎಂದರು ಮಲಾಯಿ ಅತ್ತೆ.

ಕುಲದ ಯಜಮಾನರಾದ ದೊಡ್ಡಪ್ಪ ಕೂತಲ್ಲಿಂದ ಕದಲಲಿಲ್ಲ. "ಪಾಪ, ನಮ್ಮ ಲೋಸಾಗೆ ಬೆನ್ನು ಹಿಡ್ಕೊಂಡಿದೆ. ಬಗ್ಗೋಕಾಗಲ್ಲ, ಬೈಬೇಡ್ರಿ" ಎಂದರು.

ಆಗಿನಿಂದ ಅತ್ತೆಯರೆಲ್ಲ ಸರದಿಯ ಮೇಲೆ ನನ್ನ ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಾರೆ. ಮೊದಲು ಎಣ್ಣೆ ತಂದವರು ಮಲಾಯಿ ಅತ್ತೆಯೇ. ವಾಸಿಯಾಗುವವರೆಗೆ ವಿಮಾನ ಹತ್ತಲು ಬಿಡುವುದಿಲ್ಲವಂತೆ. ನೋವೇ ಇಲ್ಲದ ಬೆನ್ನು ಒಡ್ಡಿಕೊಂಡು, ಮುಖವನ್ನು ಚಾಪೆಗೆ ಒತ್ತಿ ಮಲಗಿದ್ದೇನೆ.

ನಾನು ಬರುವುದು ತಡವಾಗುತ್ತದೆಂದು ಲಾಂಡ್ರಿಗೆ ದಯವಿಟ್ಟು ನೀವೇ ತಿಳಿಸಿ. ಬೆನ್ನುನೋವು ಎನ್ನಬೇಡಿ, ಆ ಸುಳ್ಳು ದೊಡ್ಡಪ್ಪನದು, ನಾನು ಬಳಸಬಾರದು.

ದೊಡ್ಡಪ್ಪ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಮೆಲ್ಲಗೆ ಕೇಳುತ್ತಾರೆ: "ಈಗ ಸ್ವಲ್ಪ ಬಗ್ಗುತ್ತಾ, ಮಗಳೇ?"

ನಿಮ್ಮ ಶಿಷ್ಯೆ,
ಲೋಸಾ